ತಡೆಗೋಡೆಯ ಒಳಗೆ ಸತ್ತವನು

ಹಕ್ಕಿಗಳನ್ನು ನಂಬಿಕೊಂಡು ಕೂತರೆ ನಮ್ಮ ಬಂದರಿಗೆ ವಸಂತ ಬರುವುದೇ ಇಲ್ಲ. ಮೇ ತಿಂಗಳಲ್ಲೂ ಹಿಮ ಬೀಳುವ ಅಲಾಸ್ಕಾದ ಈ ಮೂಲೆಗೆ ವಸಂತ ಬರುತ್ತಿದ್ದದ್ದು ಡೆಲ್ಮರ್ ಓಸ್ಟ್ಬಿಯ ಬಾಯಿಂದ. ಏಪ್ರಿಲ್‌ನ ಯಾವುದೋ ಒಂದು ಮಧ್ಯಾಹ್ನ ಬೋಟು ಕಟ್ಟುವ ದಕ್ಕೆಯ ಕಡೆಯಿಂದ ಒಂದು ಸೀಟಿ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಮತ್ತೊಂದು. ಹೆಂಗಸರು ಒಲೆಯ ಮುಂದಿನಿಂದ ತಲೆ ಎತ್ತಿ, "ಓ, ಡೆಲ್ಮರ್ ಶುರು ಮಾಡ್ದ. ಚಳಿಗಾಲ ಮುಗೀತು ಬಿಡಿ" ಎನ್ನುತ್ತಿದ್ದರು. ಗಂಡಸರು ಟ್ರಕ್ಕಿನ ಹಿಮದ ಟೈರು ಬದಲಾಯಿಸುವ ಯೋಚನೆ ಮಾಡುತ್ತಿದ್ದರು. ಯೋಚನೆ ಮಾತ್ರ.

ಡೆಲ್ಮರ್ 'ಗ್ರೇಸಿ' ಎಂಬ ಬೋಟಿನ ಕಲಾಸಿ. ಬೇಸಿಗೆಯಿಡೀ ಪ್ರವಾಸಿಗರನ್ನು ತುಂಬಿಕೊಂಡು ಹಿಮನದಿ, ತಿಮಿಂಗಿಲ, ಕಡಲಸಿಂಹಗಳನ್ನು ತೋರಿಸಿ ಸಂಜೆಯೊಳಗೆ ವಾಪಸು ತರುವ ಬೋಟು ಅದು. ಚಳಿಗಾಲವೆಲ್ಲ ಟಾರ್ಪಾಲು ಹೊದ್ದು ಮಲಗಿದ್ದ ಅದನ್ನು ಎಬ್ಬಿಸಿ, ಮೊದಲ ಪಯಣಕ್ಕೆ ಮದುಮಗಳ ಹಾಗೆ ಸಿಂಗರಿಸುವುದು ಅವನ ಕೆಲಸ. ಕಿಟಕಿಗಳ ಉಪ್ಪು ತೊಳೆಯಬೇಕು, ಬೆಂಚುಗಳ ಬೂಷ್ಟು ಉಜ್ಜಬೇಕು, ವಾಂತಿ ಚೀಲಗಳನ್ನು ಕೈಗೆಟುಕುವ ಕಡೆ ಸಿಕ್ಕಿಸಬೇಕು. ಎಲ್ಲಕ್ಕಿಂತ ದೊಡ್ಡ ಕೆಲಸ ಲೈಫ್ ಜಾಕೆಟ್ಟುಗಳದು. ಒಂದೊಂದನ್ನೂ ಹೊರಗೆ ತೆಗೆದು, ಹೊಲಿಗೆ ಎಳೆದು ನೋಡಿ, ಪಟ್ಟಿ ಹಾಕಿ ಬಿಚ್ಚಿ, ಅದಕ್ಕೆ ಕಟ್ಟಿದ ಸೀಟಿಯನ್ನು ಬಾಯಿಗಿಟ್ಟು ಊದಬೇಕು. ಬೇರೆ ಬೋಟುಗಳವರು ಸೀಟಿ ಇದೆಯೋ ಇಲ್ಲವೋ ಅಂತ ನೋಡಿ ಬಿಡುತ್ತಾರೆ. ಡೆಲ್ಮರ್ ಪ್ರತಿಯೊಂದನ್ನೂ ಊದುತ್ತಿದ್ದ. ಗಂಟಲು ಕಟ್ಟಿದ ಸೀಟಿಗೆ ಬದಲು ಹಾಕಲು ಕೊರಳಲ್ಲಿ ದಾರ ಕಟ್ಟಿ ಒಳ್ಳೆಯದೊಂದನ್ನು ನೇತುಹಾಕಿಕೊಂಡಿರುತ್ತಿದ್ದ.

ದಕ್ಕೆಯ ತಲೆಯಲ್ಲಿ ನನ್ನದೊಂದು ಕಾಫಿ ಗೂಡಂಗಡಿಯಿದೆ. ಒಂದು ಸಲ ಕೇಳಿದೆ, "ಅಲ್ಲ ಮಾರಾಯ, ಅಷ್ಟೂ ಜಾಕೆಟ್ಟಿನ ಸೀಟಿ ನೀನೇ ಬಾಯಿಗಿಟ್ಕೋತೀಯಲ್ಲ, ಆಮೇಲೆ ಪಾಪ ಆ ಪ್ರವಾಸಿಗಳು ಅದನ್ನೇ ಬಾಯಿಗಿಟ್ಕೊಂಡ್ರೆ?"

"ಅದನ್ನ ಬಾಯಿಗಿಟ್ಕೊಳ್ಳೋ ಹೊತ್ನಲ್ಲಿ ಅವರಿಗೆ ನನ್ನ ಎಂಜಲಿನ ಯೋಚನೆ ಇರಲ್ಲ" ಎಂದ.

ಅಷ್ಟು ಜಾಕೆಟ್ಟು ಪರೀಕ್ಷೆ ಮಾಡುವವನು ತಾನು ಮಾತ್ರ ಒಂದನ್ನೂ ಹಾಕಿಕೊಳ್ಳುತ್ತಿರಲಿಲ್ಲ. ದಕ್ಕೆಯಲ್ಲಿ ನಮ್ಮೂರಿನ ಯಾರೂ ಹಾಕಿಕೊಳ್ಳುವುದಿಲ್ಲ. ಸಮುದ್ರಕ್ಕೆ ಹೋದಾಗ ಒಂದು ಪಟ್ಟಿಯೂ ಬಿಡದೆ ಬಿಗಿದುಕೊಳ್ಳುವ ಜನ ಅಲೆ ತಡೆಯಲು ಕಟ್ಟಿದ ಬಂದರಿನ ತಡೆಗೋಡೆ ದಾಟಿ ಒಳಗೆ ಬಂದ ತಕ್ಷಣ ಬಿಚ್ಚಿ ಎಸೆಯುತ್ತಾರೆ. ಗೋಡೆಯ ಒಳಗಿನ ನೀರು ಮನೆಯ ಹಿತ್ತಲಿದ್ದ ಹಾಗೆ ಅಂತ ನಮ್ಮ ಲೆಕ್ಕ. ಹೊರಗಿನ ನೀರಿನಷ್ಟೇ ಇದೂ ತಣ್ಣಗಿದೆ ಎನ್ನುವುದು ನಮಗೆ ಗೊತ್ತು. ಗೊತ್ತಿದ್ದೂ ಹಿತ್ತಲೇ.

ಡೆಲ್ಮರನ ಜೀವನದ ದೊಡ್ಡ ಅವಮಾನವೆಂದರೆ ಅವನಿಗೆ ಕಡಲು ಹಿಡಿಸುತ್ತಿರಲಿಲ್ಲ. ಅವನ ಅಪ್ಪ, ಅಜ್ಜ ಹಾಲಿಬಟ್ ಮೀನು ಹಿಡಿಯಲು ತಿಂಗಳುಗಟ್ಟಲೆ ಹೊರಗಿದ್ದವರು. ಇವನು ಗೋಡೆ ದಾಟಿದ ಕೂಡಲೇ ಮುಖ ಹಸಿರಾಗಿ ಓಕರಿಸುತ್ತಿದ್ದ. ಅಪ್ಪನ ದೋಣಿಯಲ್ಲಿ ಒಂದೆರಡು ಋತು ವಾಂತಿ ಮಾಡಿಕೊಂಡೇ ಗಾಳದ ಹಗ್ಗ ಎಳೆದು, ಕೊನೆಗೆ ಮೀನಿನ ಕಾರ್ಖಾನೆಯಲ್ಲಿ ಸಾಲ್ಮನ್‌ಗಳ ತಲೆ ಕತ್ತರಿಸುವ ಕೆಲಸಕ್ಕೆ ಸೇರಿದ. ಕಾರ್ಖಾನೆ ಮುಚ್ಚಿತು. ಆ ಹೊತ್ತಿಗೆ ಊರಿಗೆ ಪ್ರವಾಸಿಗರು ಬರತೊಡಗಿದ್ದರು. ಇವನು ಶುಂಠಿ ಮಿಠಾಯಿ ಬಾಯಲ್ಲಿಟ್ಟುಕೊಂಡು 'ಗ್ರೇಸಿ' ಹತ್ತಿದ.

ಅಲ್ಲಿ ಅವನ ರೋಗವೇ ಕೆಲಸಕ್ಕೆ ಬಂತು. ಯಾರಿಗೆ ವಾಂತಿ ಬರಲಿದೆ ಎಂದು ಅವರ ಕಿವಿಯ ಬಣ್ಣ ನೋಡಿ ಹೇಳುತ್ತಿದ್ದ. ಫಿರಂಗಿಯಷ್ಟು ಉದ್ದದ ಕ್ಯಾಮೆರಾ ಹೊತ್ತು, ತಿಮಿಂಗಿಲಗಳು ತನಗಾಗಿಯೇ ಕಾಯುತ್ತಿವೆ ಎಂಬ ಠೀವಿಯಲ್ಲಿ ನಿಂತ, ಪ್ರವಾಸಕ್ಕೆ ಬಂದ ದಂತವೈದ್ಯರನ್ನು ಹಿಂದಿನಿಂದ ಹೋಗಿ ಮೆಲ್ಲಗೆ ತೋಳು ಹಿಡಿದು, "ಸಾರ್, ಹಿಂದ್ಗಡೆಯಿಂದ ಇನ್ನೂ ಚೆನ್ನಾಗಿ ಕಾಣತ್ತೆ" ಎಂದು ಕರೆದೊಯ್ಯುತ್ತಿದ್ದ. ಹಿಂದುಗಡೆಯಿಂದ ಏನೂ ಕಾಣುತ್ತಿರಲಿಲ್ಲ. ಆದರೆ ಅಲ್ಲಿ ಗಾಳಿ ಬೆನ್ನಿಗಿರುತ್ತಿತ್ತು, ಬಕೆಟ್ಟೂ ಇರುತ್ತಿತ್ತು. ದಂತವೈದ್ಯರ ಮಾನ ಉಳಿಯುತ್ತಿತ್ತು.

ಹಿಮನದಿಯ ಮುಂದೆ ಬೋಟು ನಿಂತಾಗ, ಬಲೆ ಹಾಕಿ ನೀರಿನಿಂದ ಒಂದು ಮಂಜಿನ ಗಡ್ಡೆ ಎತ್ತುವುದೂ ಅವನೇ. ಬಿಳಿ ಗಡ್ಡೆ ಎತ್ತುತ್ತಿರಲಿಲ್ಲ. ಗಾಜಿನ ಹಾಗೆ ತಿಳಿಯಾದ, ನೀರಲ್ಲಿ ಕಪ್ಪಗೆ ಕಾಣುವ ಗಡ್ಡೆಯೇ ಬೇಕು. ಅದನ್ನು ಜನ ಮಗುವಿನ ಹಾಗೆ ಕೈಯಿಂದ ಕೈಗೆ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಡೆಲ್ಮರ್ ಯಾವ ಫೋಟೋದಲ್ಲೂ ಇಲ್ಲ. ಎಲ್ಲದರಲ್ಲೂ ಅಂಚಿನಲ್ಲಿ ಅವನ ಕೆಂಪು ಕೈಗವಸು ಇದೆ.

ಮೀನುಗಾರರು ಇದನ್ನೆಲ್ಲ ಕಸುಬೆಂದು ಒಪ್ಪುತ್ತಿರಲಿಲ್ಲ. ಅದರಲ್ಲೂ ಕ್ಯಾಪ್ಟನ್ ಥರ್ಮನ್ ವೀಕ್ಸ್. ಥರ್ಮನ್ ತನ್ನ ದೋಣಿ ಮಾರಿ ಬಹಳ ಕಾಲವಾಗಿತ್ತು, ಟೋಪಿ ಮಾತ್ರ ಮಾರಿರಲಿಲ್ಲ. ಅಂಚೆ ಕಚೇರಿಗೂ ಅದನ್ನು ಹಾಕಿಕೊಂಡೇ ಹೋಗುತ್ತಿದ್ದ. ಊರಿನ ದೋಣಿ ಹರಸುವ ಸಮಿತಿಗೆ ಅವನು ಅಧ್ಯಕ್ಷ.

ಪ್ರತಿ ಮೇ ತಿಂಗಳು, 'ಗ್ರೇಸಿ'ಯ ಮೊದಲ ಪಯಣದ ಹಿಂದಿನ ದಿನ, ಪಾದ್ರಿ ಬಂದು ದೋಣಿಗಳಿಗೆಲ್ಲ ಪವಿತ್ರ ನೀರು ಚಿಮುಕಿಸುತ್ತಾರೆ. ಆಮೇಲೆ ದಕ್ಕೆಯ ಬಳಿಯ ಕಂಚಿನ ಗಂಟೆಯ ಮುಂದೆ ಥರ್ಮನ್ ನಿಂತು, ಕಡಲಿಗೆ ಹೋಗಿ ವಾಪಸು ಬರದ ನಮ್ಮೂರವರ ಹೆಸರು ಓದುತ್ತಾನೆ. ಒಂದು ಹೆಸರಿಗೆ ಗಂಟೆಯ ಒಂದು ಪೆಟ್ಟು. ಆ ಹೆಸರುಗಳಲ್ಲಿ ಥರ್ಮನ್ನನ ಮಗ ವೇಡ್‌ನದೂ ಒಂದು. ವೇಡ್‌ನ ದೋಣಿ ಕಾಡ್ ಮೀನಿಗೆಂದು ಹೋಗಿ ಭೂಶಿರದ ಆಚೆ ಮುಳುಗಿತು. ಒಂದು ಬೂಟು ಕೂಡ ಸಿಗಲಿಲ್ಲ.

ಮಗ ಹೋದ ಮೇಲೆ ಥರ್ಮನ್ನನ ಕೈ ನಡುಗತೊಡಗಿತು. ಗಂಟೆಯ ಹಗ್ಗ ಹಿಡಿದರೆ ಒಂದರ ಬದಲು ಎರಡು ಮೂರು ಪೆಟ್ಟು ಬೀಳುತ್ತಿತ್ತು. ಹಾಗಾಗಿ ಹಗ್ಗ ಡೆಲ್ಮರನ ಕೈಗೆ ಬಂತು. ಸಮಿತಿಗೆ ಸೇರಿಸಿಕೊಳ್ಳಲಿಲ್ಲ, ಹಗ್ಗ ಮಾತ್ರ ಕೊಟ್ಟರು. ಅವನು ಹೊಡೆಯುವ ರೀತಿಯೇ ಬೇರೆ. ಒಂದು ಪೆಟ್ಟು ಹೊಡೆದು, ಆ ನಾದ ಪೂರಾ ಸತ್ತು, ಗಾಳಿಯ ಸದ್ದು ಮಾತ್ರ ಉಳಿದ ಮೇಲೆಯೇ ಥರ್ಮನ್ನನ ಕಡೆ ತಲೆಯಾಡಿಸುತ್ತಿದ್ದ. ಅಲ್ಲಿಯ ತನಕ ಮುಂದಿನ ಹೆಸರಿಲ್ಲ. ಸಮಾರಂಭ ಉದ್ದವಾಗುತ್ತಿತ್ತು, ಕಾಲು ಮರಗಟ್ಟುತ್ತಿತ್ತು, ಮಕ್ಕಳು ಅಳುತ್ತಿದ್ದವು. ಆದರೂ ಯಾರ ಮನೆಯ ಸತ್ತವರಿಗೂ ಅವಸರದ ಗಂಟೆ ಸಿಗುತ್ತಿರಲಿಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ, ಸಮಿತಿಯ ಮೊದಲ ಸಭೆ ದಕ್ಕೆಯ ಪಕ್ಕದ ಬಲೆ ಗೋದಾಮಿನ ಮಾಳಿಗೆಯಲ್ಲಿ ಸೇರಿತ್ತು. ಕಾಫಿ ನನ್ನದು. ಚರ್ಚೆಗೆ ಬಂದ ವಿಷಯ, ಗಂಟೆ ಮುಗಿದ ಮೇಲೆ ಸತ್ತವರಿಗೆಂದು ಹೂಮಾಲೆಯನ್ನು ನೀರಿಗೆ ಬಿಡುವಾಗ ಅಧ್ಯಕ್ಷರು ಟೋಪಿ ತೆಗೆಯಬೇಕೋ ಬೇಡವೋ. ಥರ್ಮನ್ ತೆಗೆಯಬಾರದು ಎಂಬ ಪಕ್ಷ. ಈ ವಿಷಯದ ಮೇಲೆ ಬಹಳ ಆಳವಾದ ಮಾತುಗಳು ಬಂದವು.

ಹೊರಗೆ ಸೀಟಿ ಕೇಳಿಸುತ್ತಲೇ ಇತ್ತು.

"ಬಂತಪ್ಪ ವಸಂತ" ಎಂದು ಯಾರೋ ನಕ್ಕರು.

ಆಮೇಲೆ ಸೀಟಿ ಜೋರಾಯಿತು. ಒಂದರ ಹಿಂದೆ ಒಂದು, ಬಿಡುವಿಲ್ಲದೆ.

"ಇವತ್ತು ಏನು ಇವನು, ಒಂದೇ ದಿನದಲ್ಲಿ ಮುಗಿಸ್ಬಿಡೋ ಹಂಗಿದಾನೆ" ಎಂದರು ಇನ್ನೊಬ್ಬರು.

ಥರ್ಮನ್ ಎದ್ದು ಹೋಗಿ ಕಿಟಕಿ ಮುಚ್ಚಿದ. "ಪ್ರವಾಸಿಗಳ ಗಲಾಟೆ ಸಾಲ್ದು ಅಂತ ಇದೊಂದು" ಎಂದು ಬಂದು ಕೂತ. ಸಭೆ ಮುಂದುವರಿಯಿತು. ಟೋಪಿ ತೆಗೆಯಬೇಕಿಲ್ಲ ಎಂದು ತೀರ್ಮಾನವಾಯಿತು.

ಸಂಜೆ ಬೆಳಕಿರುವಾಗಲೇ 'ಗ್ರೇಸಿ'ಯ ಕ್ಯಾಪ್ಟನ್ ಗ್ವೆನ್ ಅಡುಗೆ ಸಾಮಾನು ತೆಗೆದುಕೊಂಡು ದಕ್ಕೆಗೆ ಬಂದಳು. ಡೆಕ್ಕಿನ ಮೇಲೆ ಜಾಕೆಟ್ಟುಗಳು ಎರಡು ರಾಶಿಯಾಗಿ ಬಿದ್ದಿದ್ದವು, ಊದಿದವು ಒಂದು ಕಡೆ, ಊದದವು ಒಂದು ಕಡೆ. ಕಿಟಕಿ ತೊಳೆದ ಬಿಸಿನೀರು ಡೆಕ್ಕಿನ ಅಂಚಿನಲ್ಲಿ ಹರಿದು ತೆಳ್ಳಗೆ ಮಂಜುಗಟ್ಟಿತ್ತು. ಅದರ ಮೇಲೆ ಬೂಟು ಜಾರಿದ ಗೀರು. ಡೆಲ್ಮರ್ ಬೋಟಿಗೂ ದಕ್ಕೆಗೂ ನಡುವಿನ ಸಂದಿಯಲ್ಲಿ, ದಕ್ಕೆಗೆ ಬೋಟು ತಾಗದಂತೆ ನೇತುಹಾಕಿದ ಟೈರಿನ ಹಗ್ಗಕ್ಕೆ ಒಂದು ತೋಳು ಸಿಕ್ಕಿಸಿಕೊಂಡು ನೀರಿನಲ್ಲಿ ನಿಂತ ಹಾಗೆ ಇದ್ದ. ಕೊರಳಿನ ಸೀಟಿ ಹಲ್ಲುಗಳ ನಡುವೆಯೇ ಇತ್ತು.

ಊರಿಗೆ ಊರೇ ಅವನು ಕರೆದದ್ದನ್ನು ಕೇಳಿಸಿಕೊಂಡಿತ್ತು. ಕೇಳಿಸಿಕೊಂಡು ಖುಷಿಪಟ್ಟಿತ್ತು.

ಅವನ ಹೆಂಡತಿ ಮಟ್ರೋನಾ ಕೊಲ್ಲಿಯ ಆಚೆಯ ಹಳ್ಳಿಯವಳು, ಅಲ್ಲಿಯ ಮೂಲನಿವಾಸಿ. ಅವರದು ರಷ್ಯನ್ನರು ಬಿಟ್ಟುಹೋದ ಹಳೆಯ ಚರ್ಚು, ಹಳೆಯ ಕ್ರಮ. ಸತ್ತ ಮೇಲೆ ನಲವತ್ತು ದಿನ ಜೀವ ಊರು ಬಿಟ್ಟು ಹೋಗುವುದಿಲ್ಲ ಎನ್ನುತ್ತಾರೆ. ಮಣ್ಣಾದ ಮೇಲೆ ಮಟ್ರೋನಾ ಬಾಗಿಲು ಹಾಕಿಕೊಂಡು ಕೂರಲಿಲ್ಲ. ಸಮಿತಿಯ ಮುಂದಿನ ಸಭೆಗೆ, ಹಿಟ್ಟಿನ ಹೊದಿಕೆಯೊಳಗೆ ಸಾಲ್ಮನ್ನೂ ಅನ್ನವೂ ತುಂಬಿ ಸುಟ್ಟ ದೊಡ್ಡದೊಂದು ಪಿರೋಕ್ ತಟ್ಟೆಯಲ್ಲಿಟ್ಟುಕೊಂಡು ಮಾಳಿಗೆ ಹತ್ತಿ ಬಂದಳು. ಮೇಜಿನ ಮೇಲಿಟ್ಟು, ತಾನೇ ಹೋಳು ಮಾಡಿ ಎಲ್ಲರಿಗೂ ಬಡಿಸಿದಳು. ಬಾಯಿ ತುಂಬಿದ ಮೇಲೆ ಮಾತು ತೆಗೆದಳು.

"ಈ ಸಲ ಡೆಲ್ಮರ್ ಹೆಸರು ಓದ್ಬೇಕು."

ಯಾರೂ ಅಗಿಯಲಿಲ್ಲ. ಥರ್ಮನ್ ಬಾಯಲ್ಲಿದ್ದುದನ್ನು ನುಂಗಿ ಟೋಪಿ ಸರಿಮಾಡಿಕೊಂಡ.

"ಮಟ್ರೋನಾ, ನೋಡು... ಒಂದು ಪದ್ಧತಿ ಅಂತಿದೆ. ತಡೆಗೋಡೆ ಆಚೆ ಹೋದೋರಿಗೆ ಗಂಟೆ. ಒಳಗಿನೋರಿಗೆ ಇಲ್ಲ. ಬಾರಿಂದ ಬರ್ತಾ ದಕ್ಕೆಯಿಂದ ಬಿದ್ದೋರನ್ನೆಲ್ಲ ಸೇರಿಸ್ತಾ ಹೋದ್ರೆ ಎಲ್ಲಿಗೆ ಮುಟ್ಟತ್ತೆ?"

"ಅವನು ಬಾರಿಂದ ಬರ್ತಿರ್ಲಿಲ್ಲ. ಕೆಲ್ಸ ಮಾಡ್ತಿದ್ದ."

"ಕಿಟಕಿ ತೊಳೀತಿದ್ದ" ಎಂದ ಥರ್ಮನ್.

ಗ್ವೆನ್ ಬಾಗಿಲ ಬಳಿ ನಿಂತಿದ್ದಳು. "ಕ್ಯಾಪ್ಟನ್, ನಿಮ್ ಹೂಮಾಲೆ ನೀರಿಗೆ ಬಿಡೋಕೆ ವರ್ಷಾ ವರ್ಷಾ ನನ್ ಬೋಟಿಗೇ ಬಂದು ಹೀಟರ್ ಪಕ್ಕ ಕೂತ್ಕೋತೀರಲ್ಲ. ಆಗ ಆ ಕಿಟಕೀಲೇ ತಾನೆ ನೋಡೋದು?"

"ನೀನು ಸುಮ್ನಿರಮ್ಮ."

"ಸುಮ್ನೇ ಇದೀನಿ. ಜೋರಾಗಿ ಮಾತಾಡಿದ್ರೆ ಹಿಂಗಿರಲ್ಲ."

ಮಟ್ರೋನಾ ಗ್ವೆನ್ ಕಡೆ ನೋಡಲೇ ಇಲ್ಲ. "ಥರ್ಮನ್, ನಿನ್ ಮಗನ ಹೆಸರಿಗೆ ಇಷ್ಟ್ ವರ್ಷ ಗಂಟೆ ಹೊಡೆದದ್ದು ಯಾರು?"

ಥರ್ಮನ್ನನ ಮುಖ ಕೆಂಪಾಯಿತು. ನಡುಗುವ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡ. "ನಿನ್ ಗಂಡನಿಗೆ ಗೋರಿ ಇದೆ ಕಣಮ್ಮ. ಹೋಗಿ ಹೂ ಇಡಬಹುದು. ಕೂತು ಅಳಬಹುದು. ನನ್ ಹುಡುಗನಿಗೆ ಏನಿದೆ? ವರ್ಷಕ್ಕೆ ಗಂಟೆಯ ಒಂದು ಪೆಟ್ಟು. ಅಷ್ಟೇ. ಅದನ್ನೂ ಎಲ್ಲರಿಗೂ ಹಂಚು ಅಂತೀಯಾ?"

ಅಲ್ಲಿಯ ತನಕ ಥರ್ಮನ್ನನನ್ನು ನೋಡಿ ಒಳಗೊಳಗೇ ನಗುತ್ತಿದ್ದ ನಮಗೆಲ್ಲ ಬಾಯಿಯ ಪಿರೋಕ್ ಒಣಗಿಹೋಯಿತು.

ಮಟ್ರೋನಾ ಪಿರೋಕ್ ಕೊಯ್ದ ಚಾಕು ಒರೆಸಿ ಮೇಜಿನ ಮೇಲಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು, "ನಲವತ್ತು ದಿನ ತುಂಬೋದು ದೋಣಿ ಹರಸೋ ಆ ಶನಿವಾರಾನೇ. ಅವನು ಬರ್ತಾನೆ. ಬಂದು ಗಂಟೆ ಹತ್ರಾನೇ ನಿಂತ್ಕೋತಾನೆ, ಬೇರೆ ಎಲ್ಲಿಗೆ ಹೋಗ್ತಾನೆ? ಎಲ್ಲರ ಹೆಸರೂ ಕೇಳಿಸ್ಕೋತಾನೆ. ಕೊನೇಗೆ ತನ್ನದು ಬರಲಿಲ್ಲ ಅಂದ್ರೆ ಏನಂದ್ಕೊಂಡು ಹೋಗಲಿ ಅವನು?"

"ಅದು ನಿಮ್ಮ ಚರ್ಚಿನ ಮಾತು" ಎಂದ ಥರ್ಮನ್. ಅವನ ದನಿಯಲ್ಲಿ ಅಧ್ಯಕ್ಷಗಿರಿ ಇರಲಿಲ್ಲ.

ಸಮಿತಿ ಹೆಸರು ಸೇರಿಸಲು ಒಪ್ಪಲಿಲ್ಲ. ನಾಚಿಕೆಯಾದ ಜನ ಮಾಡುವಂತೆ ಇನ್ನೇನೋ ಒಂದನ್ನು ಕೊಟ್ಟಿತು. ಡೆಲ್ಮರನ ನೆನಪಿಗಾಗಿ ಈ ಸಲ ಹಗ್ಗ ಹಿಡಿಯುವ ಗೌರವ ಮಟ್ರೋನಾಳಿಗೆ! ಈ ಉಪಾಯ ಹೊಳೆದವರು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಸತ್ತವನ ಕೆಲಸವನ್ನು ಅವನ ಹೆಂಡತಿಯ ತಲೆಗೆ ಕಟ್ಟಿ ಅದಕ್ಕೆ ಗೌರವ ಎಂದು ಹೆಸರಿಡಲು ಸಮಿತಿಯೇ ಬೇಕು, ಒಬ್ಬಂಟಿ ಮನುಷ್ಯನಿಗೆ ಅಷ್ಟು ಧೈರ್ಯ ಬರುವುದಿಲ್ಲ.

ಅವಳು "ಆಯ್ತು" ಎಂದಳು. ಖಾಲಿ ತಟ್ಟೆ ಎತ್ತಿಕೊಂಡು ಹೋದಳು.

ಶನಿವಾರ ಮೋಡ ಕೆಳಗಿಳಿದು ಬೆಟ್ಟಗಳ ಸೊಂಟದ ತನಕ ಕೂತಿತ್ತು. ಊರೆಲ್ಲ ಬಂದಿತ್ತು. ಮರುದಿನದ ಪಯಣಕ್ಕೆ ಮುಂಚೆಯೇ ಬಂದಿಳಿದ ಕೆಲವು ಪ್ರವಾಸಿಗರೂ ಇದ್ದರು. ಇದೂ ಟಿಕೆಟ್ಟಿನಲ್ಲಿ ಸೇರಿದೆಯೇನೋ ಎಂಬಂತೆ ಮುಂದೆ ಬಂದು ಫೋಟೋ ತೆಗೆಯುತ್ತಿದ್ದರು. ಪಾದ್ರಿ ನೀರು ಚಿಮುಕಿಸಿದರು. ಥರ್ಮನ್ ಕಾಗದ ಬಿಡಿಸಿದ. ಮಟ್ರೋನಾ ತಲೆಗೆ ಕಪ್ಪು ವಸ್ತ್ರ ಕಟ್ಟಿ, ಡೆಲ್ಮರನ ಕೆಂಪು ಕೈಗವಸು ಹಾಕಿಕೊಂಡು ಹಗ್ಗ ಹಿಡಿದು ನಿಂತಿದ್ದಳು.

ಅವಳು ಗಂಡನ ಹಾಗೆಯೇ ಹೊಡೆದಳು. ಒಂದು ಪೆಟ್ಟು. ನಾದ ಪೂರಾ ಅಡಗುವ ತನಕ ತಲೆ ತಗ್ಗಿಸಿ ನಿಲ್ಲುವುದು. ಆಮೇಲೆ ಥರ್ಮನ್ನನ ಕಡೆ ತಲೆಯಾಡಿಸುವುದು. ವೇಡ್ ವೀಕ್ಸ್ ಹೆಸರು ಬಂದಾಗಲೂ ಹಾಗೆಯೇ. ಬಹುಶಃ ಆ ಒಂದು ಪೆಟ್ಟು ಬೇರೆಲ್ಲಕ್ಕಿಂತ ಚೆನ್ನಾಗಿ ಬಿತ್ತು. ಥರ್ಮನ್ ಕಣ್ಣು ಮುಚ್ಚಿಕೊಂಡಿದ್ದ.

ಹೆಸರುಗಳು ಮುಗಿದವು. ಕೊನೆಯ ನಾದವೂ ಅಡಗಿತು. ಮಟ್ರೋನಾ ಥರ್ಮನ್ನನ ಕಡೆ ತಲೆಯಾಡಿಸಿದಳು.

ಥರ್ಮನ್ ಕಾಗದ ಮಡಿಸಿ ಜೇಬಿಗಿಟ್ಟ.

ಅವಳು ಹಗ್ಗ ಬಿಡಲಿಲ್ಲ. ಮುಂದಿನ ಹೆಸರಿಗೆ ಕಾಯುವವಳ ಹಾಗೆ ಅಲ್ಲೇ ನಿಂತಳು. ಸಿಟ್ಟಿಲ್ಲ, ಅಳುವಿಲ್ಲ, ಸುಮ್ಮನೆ ಕಾಯುವುದು. ಪಾದ್ರಿ ಕೊನೆಯ ಪ್ರಾರ್ಥನೆಗೆ ಬಾಯಿ ತೆರೆದು, ಅವಳ ಕೈ ನೋಡಿ ಮುಚ್ಚಿಕೊಂಡರು. ದೋಣಿಗಳ ಹಗ್ಗಗಳು ಕಿರುಗುಟ್ಟುತ್ತಿದ್ದವು. ಒಂದು ನೀರುನಾಯಿ ದಕ್ಕೆಯ ಪಕ್ಕದಲ್ಲಿ ಅಂಗಾತ ತೇಲುತ್ತ ಏಡಿ ಒಡೆಯುತ್ತಿದ್ದ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು. ಪ್ರವಾಸಿಗರು ಕೂಡ ಕ್ಯಾಮೆರಾ ಇಳಿಸಿದರು.

ಥರ್ಮನ್ ಬಲೆ ಗೋದಾಮಿನ ಮಾಳಿಗೆಯ ಕಡೆ, ಅಲ್ಲಿಯ ಕಿಟಕಿಯ ಕಡೆ ಒಮ್ಮೆ ನೋಡಿದ. ಆಮೇಲೆ ಟೋಪಿ ತೆಗೆದ. ಹತ್ತಿಯಂಥ ನಾಲ್ಕು ಕೂದಲು ಗಾಳಿಗೆ ಎದ್ದು ನಿಂತವು.

"ಡೆಲ್ಮರ್ ಓಸ್ಟ್ಬಿ" ಎಂದ. "ತಡೆಗೋಡೆ ಒಳಗೆ. ಕರೀತಾನೇ ಇದ್ದ. ನಾವು ಕೇಳಿಸ್ಕೊಂಡು ಕಿಟಕಿ ಮುಚ್ಚಿದ್ವಿ."

ಗಂಟೆ ಮೊಳಗಲಿಲ್ಲ. ಮಟ್ರೋನಾ ಹಗ್ಗದ ತುದಿಯನ್ನು ಅವನ ಮುಂದೆ ಹಿಡಿದಿದ್ದಳು.

"ಇದು ನೀನೇ ಹೊಡಿ."

"ನನ್ ಕೈ..."

"ಗೊತ್ತು. ಹೊಡಿ."

ಥರ್ಮನ್ ಎರಡೂ ಕೈಯಲ್ಲಿ ಹಗ್ಗ ಹಿಡಿದು ಎಳೆದ. ಪೆಟ್ಟು ಸರಿಯಾಗಿ ಬೀಳಲಿಲ್ಲ. ಕೈ ನಡುಗಿ ಗಂಟೆಯ ನಾಲಗೆ ಅಂಚಿಗೆ ತೊದಲಿ, ಸಣ್ಣದಾಗಿ ಎರಡು ಮೂರು ಸಲ ಕಣಕಣ ಎಂದಿತು. ಒಡೆದ ಪಾತ್ರೆಯ ಸದ್ದು. ಆದರೆ ಅದು ಅಡಗುವ ತನಕ ಅವನು ಕಾದ. ಅಡಗಿದ ಮೇಲೆ, ಯಾರ ಕಡೆಗೆ ಎಂದು ತಿಳಿಯದೆ, ತಲೆಯಾಡಿಸಿದ.

ಮಟ್ರೋನಾ ಕೈಗವಸು ಕಳಚಿ ಕೋಟಿನ ಜೇಬಿಗೆ ಹಾಕಿಕೊಂಡು ಮನೆಗೆ ಹೋದಳು. ಹೂಮಾಲೆ ಬಿಡಲು ಬೋಟು ಹತ್ತಲಿಲ್ಲ.

ಸಮಾರಂಭ ಮುಗಿದ ಮೇಲೆ ಗ್ವೆನ್‌ಗೆ ಕೆಲಸ ಉಳಿದಿತ್ತು. ಬೆಳಿಗ್ಗೆ ಪಯಣ. ಡೆಲ್ಮರ್ ಅರ್ಧಕ್ಕೆ ಬಿಟ್ಟ ಜಾಕೆಟ್ಟುಗಳ ರಾಶಿಯನ್ನು ಅಷ್ಟು ದಿನ ಯಾರೂ ಮುಟ್ಟಿರಲಿಲ್ಲ. ಅವಳು ಡೆಕ್ಕಿನ ಮೇಲೆ ಕೂತು ಮೊದಲನೆಯದನ್ನು ಎತ್ತಿ ಸೀಟಿ ಊದಿದಳು.

ಬಂದರಿಗೆ ಬಂದರೇ ಬೆಚ್ಚಿ ಬಿತ್ತು. ಬಲೆ ಹೊಲಿಯುತ್ತಿದ್ದವರು ಬಲೆ ಬಿಟ್ಟು ಓಡಿದರು. ನಾನು ಕೆಟಲ್ ಹಿಡಿದುಕೊಂಡೇ ಓಡಿದೆ. ಬಾರಿನಿಂದ ಇಬ್ಬರು ಲೋಟ ಸಮೇತ ಬಂದರು. ನೋಡಿದರೆ ಗ್ವೆನ್ ಸೀಟಿ ಬಾಯಲ್ಲಿಟ್ಟುಕೊಂಡು ಬೆಪ್ಪಾಗಿ ಕೂತಿದ್ದಾಳೆ.

"ಪರೀಕ್ಷೆ ಕಣ್ರೋ. ಜಾಕೆಟ್ ಪರೀಕ್ಷೆ."

ನಿಟ್ಟುಸಿರು ಬಿಟ್ಟು ವಾಪಸಾದೆವು. ಎರಡನೆಯ ಸೀಟಿಗೂ ಓಡಿದೆವು. ಮೂರನೆಯದಕ್ಕೆ ಅರ್ಧ ದಾರಿ ಹೋಗಿ ನಿಂತೆವು. ಆಮೇಲೆ ತಲೆ ಎತ್ತಿ ನೋಡುವುದು, ಆಮೇಲೆ ಅದೂ ಇಲ್ಲ. ರಾಶಿ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ಅಂಗಡಿಯ ಮುಂದೆ ಕಾಫಿ ಕುಡಿಯುತ್ತಿದ್ದವನೊಬ್ಬ, "ಈಗ ನೋಡು ವಸಂತ ಬಂದಂಗಾಯ್ತು" ಎಂದ. ಯಾರೂ ಅವನ ಬಾಯಿ ಮುಚ್ಚಿಸಲಿಲ್ಲ.

ದಕ್ಕೆಯ ಮೇಲೆ, 'ಗ್ರೇಸಿ'ಯ ಎದುರಿಗೆ, ಥರ್ಮನ್ ಒಂದು ಮೀನಿನ ಪೆಟ್ಟಿಗೆಯನ್ನು ಬೋರಲು ಹಾಕಿ ಕೂತಿದ್ದ. ಟೋಪಿ ತೊಡೆಯ ಮೇಲಿತ್ತು. ಪ್ರತಿ ಸೀಟಿಗೂ ತಲೆ ಎತ್ತುತ್ತಿದ್ದ, ಗ್ವೆನ್ ಡೆಕ್ಕಿನ ಮೇಲೆಯೇ ಇದ್ದಾಳೆಂದು ಕಂಡ ಮೇಲೆ ತಲೆ ತಗ್ಗಿಸುತ್ತಿದ್ದ. ಹನಿ ಬೀಳತೊಡಗಿತು.

"ಒಳಗ್ಹೋಗಿ ಕ್ಯಾಪ್ಟನ್, ನೆನೀತೀರಿ" ಎಂದಳು ಗ್ವೆನ್.

"ಮೊದ್ಲು ನೀನು ಅದ್ರಲ್ಲಿ ಒಂದು ಹಾಕ್ಕೋ."

"ಅಯ್ಯೋ, ದಕ್ಕೇಲೇ ಇದೀನಲ್ಲ ಬಿಡಿ."

ಥರ್ಮನ್ ಪೆಟ್ಟಿಗೆಯನ್ನು ಸ್ವಲ್ಪ ಮುಂದಕ್ಕೆ, ನೀರಿನ ಅಂಚಿಗೆ ಎಳೆದುಕೊಂಡ.

"ಊದು ಹಾಗಾದ್ರೆ. ನಾನು ನೋಡ್ತಿರ್ತೀನಿ" ಎಂದ.